ಏಣಗಿ ಬಾಳಪ್ಪ: ಪ್ರಶಸ್ತಿಗಿಂತ ಪ್ರೇಕ್ಷಕ ದೊಡ್ಡವನು

2017ರ ಆಗಸ್ಟ್‌ನಲ್ಲಿ ಏಣಗಿ ಬಾಳಪ್ಪ ತೀರಿಕೊಂಡಾಗ ಅವರಿಗೆ 103 ವರ್ಷ. ನಾಡೋಜ ಗೌರವವೂ ಸೇರಿದಂತೆ ಹಲವು ಮನ್ನಣೆಗಳು ಅವರನ್ನು ಅರಸಿ ಬಂದಿದ್ದವು. ಆದರೆ ಅವರ ದೀರ್ಘ ರಂಗಜೀವನ ನಮ್ಮ ಮುಂದಿಟ್ಟ ಪ್ರಶ್ನೆ ಹಾಗೆಯೇ ಉಳಿದಿದೆ: ಪ್ರೇಕ್ಷಕನ ಕಾಸಿನಿಂದಲೇ ಬದುಕಿದ ಕಲೆಯನ್ನು ಪ್ರಶಸ್ತಿಯೊಂದೇ ಉಳಿಸಬಲ್ಲುದೇ?

1914ರಲ್ಲಿ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ ಹುಟ್ಟಿದ ಬಾಳಪ್ಪ ಎಳವೆಯಲ್ಲೇ ಬಣ್ಣ ಹಚ್ಚಿದವರು. ಸ್ತ್ರೀಪಾತ್ರಗಳನ್ನು ಹುಡುಗರೇ ನಿರ್ವಹಿಸುತ್ತಿದ್ದ ಕಾಲ ಅದು. ಅವರೂ ಅಂಥ ಪಾತ್ರಗಳಲ್ಲಿ ಪಳಗಿದರು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ನಟನ ಮಾತೂ ಹಾಡೂ ಕಟ್ಟಕಡೆಯ ಸಾಲಿನವನಿಗೆ ಮುಟ್ಟಬೇಕಿತ್ತು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಆ ಸೀಮೆಯಲ್ಲಿ ಮರಾಠಿ ಸಂಗೀತ ನಾಟಕಗಳ ಪ್ರಭಾವ ದಟ್ಟವಾಗಿತ್ತು. ಅದರ ನಡುವೆ ಕನ್ನಡಕ್ಕೆ ನೆಲೆ ದೊರಕಿಸಿದ್ದರಲ್ಲಿ ವೃತ್ತಿನಾಟಕ ಕಂಪೆನಿಗಳ ಪಾಲು ದೊಡ್ಡದು.

1947ರಲ್ಲಿ ಅವರು ‘ಕಲಾವೈಭವ ನಾಟ್ಯಸಂಘ’ ಕಟ್ಟಿದರು. ನಟನೊಬ್ಬ ಮಾಲೀಕನಾಗುವುದೆಂದರೆ ಪಾತ್ರದ ಜತೆಗೆ ಪಡಸಾಲೆಯ ಚಿಂತೆಯನ್ನೂ ಹೊರುವುದು. ಮಳೆ ಹಿಡಿದರೆ ಗಲ್ಲಾಪೆಟ್ಟಿಗೆ ಬರಿದು. ಕಲಾವಿದರ ಊಟ ಮಾತ್ರ ನಿಲ್ಲುವಂತಿಲ್ಲ. ಅಂಥ ಬದುಕಿನ ನಡುವೆಯೇ ‘ಜಗಜ್ಯೋತಿ ಬಸವೇಶ್ವರ’ ನಾಟಕದ ಬಸವಣ್ಣನಾಗಿ ಅವರು ಮನೆಮಾತಾದರು. ಕಲ್ಯಾಣದ ಕಥೆ ಅಕ್ಷರ ಬಾರದವರಿಗೂ ರಂಗದ ಮೂಲಕ ತಲುಪಿತು. ಪತ್ನಿ ಲಕ್ಷ್ಮೀಬಾಯಿ ಹೆಸರಾಂತ ನಟಿ. ಮಗ ನಟರಾಜ ಏಣಗಿ ಕೂಡ ರಂಗದ ಪ್ರತಿಭೆಯೇ. ಆ ಮಗನೇ ತಂದೆಗಿಂತ ಮೊದಲು ಅಗಲಿದ್ದು ಶತಾಯುಷಿಯ ಬಾಳಿನ ಕಹಿ.

ಕಂಪೆನಿಯೆಂದರೆ ಒಂದು ಶಾಲೆ. ಪರದೆ ಎಳೆಯುವ ಹುಡುಗ ನೋಡಿ ನೋಡಿ ನಟನಾಗುತ್ತಿದ್ದ. ಕಂಠ, ಹಾವಭಾವ, ಸಮಯಸ್ಫೂರ್ತಿಗಳೆಲ್ಲ ರಾತ್ರಿ ರಾತ್ರಿಯ ಪ್ರಯೋಗದಲ್ಲೇ ಸಿದ್ಧಿಸುತ್ತಿದ್ದವು. ಈ ವಿದ್ಯೆಯನ್ನು ಪುಸ್ತಕ ಪೂರ್ತಿಯಾಗಿ ಹಿಡಿದಿಡಲಾರದು. ಕಂಪೆನಿ ಮುಚ್ಚಿದಾಗ ನಷ್ಟವಾಗುವುದು ಸೀನರಿ, ಪೋಷಾಕುಗಳಷ್ಟೇ ಅಲ್ಲ. ಕಲಿಯುವ ಹಾದಿಯೇ ಮುಚ್ಚಿಹೋಗುತ್ತದೆ.

ಮೊದಲು ಸಿನಿಮಾ, ಆಮೇಲೆ ಕಿರುತೆರೆ ಪ್ರೇಕ್ಷಕರನ್ನು ಸೆಳೆದುಕೊಂಡವೆಂಬುದು ನಿಜ. ಸರ್ಕಾರದ ಅನುದಾನ, ವೃದ್ಧ ಕಲಾವಿದರ ಮಾಸಾಶನ ಅಗತ್ಯವೂ ಹೌದು. ಆದರೆ ಅವು ಕಲಾವಿದನನ್ನು ಸಲಹಬಲ್ಲವೇ ಹೊರತು ಕಲೆಯನ್ನಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪೆನಿಗಳು ಡೇರೆ ಹಾಕುತ್ತವೆ, ಜನ ಟಿಕೆಟ್ ಕೊಂಡು ನಾಟಕ ನೋಡುತ್ತಾರೆ. ನಗರದ ಸುಶಿಕ್ಷಿತರಾದ ನಾವು ಈ ನಾಟಕಗಳನ್ನು ಅಗ್ಗದವೆಂದು ಮೂಗು ಮುರಿಯುತ್ತೇವೆ. ಹಿರಿಯ ನಟ ತೀರಿಕೊಂಡಾಗ ಮಾತ್ರ ಒಂದು ಯುಗ ಮುಗಿಯಿತೆಂದು ಮರುಗುತ್ತೇವೆ. ಬಾಳಪ್ಪನವರಿಗೆ ನಿಜವಾದ ಗೌರವ ಸಲ್ಲಿಸುವ ಮನಸ್ಸಿದ್ದರೆ, ಅವರ ಪರಂಪರೆಯ ನಾಟಕವೊಂದಕ್ಕೆ ಟಿಕೆಟ್ ಕೊಂಡು ಕುಳಿತುಕೊಳ್ಳುವುದರಿಂದ ಅದು ಆರಂಭವಾಗಲಿ.