ಓಡುವ ಕಾರಿಗೆ ಲಾಭ, ನಿಂತ ಕಾರಿಗೆ ಬಡ್ಡಿ

ಎಲೆಕ್ಟ್ರಿಕ್ ಕಾರಿನ ಮಾತು ಬಂದಾಗಲೆಲ್ಲ ಕೇಳಿಬರುವುದು ಕಿಲೋಮೀಟರಿಗೆ ಒಂದೇ ರೂಪಾಯಿ ಎಂಬ ಲೆಕ್ಕ. ಅದೇನೂ ಸುಳ್ಳಲ್ಲ. ಪೆಟ್ರೋಲಿಗೆ 103 ರೂಪಾಯಿ, ಮೈಲೇಜು 18 ಎಂದಿಟ್ಟುಕೊಂಡರೆ ಕಿ.ಮೀ.ಗೆ 5 ರೂಪಾಯಿ 70 ಪೈಸೆ ಬೀಳುತ್ತದೆ. ಸಣ್ಣ ಎಲೆಕ್ಟ್ರಿಕ್ ಕಾರು ಚಾರ್ಜಿಂಗ್ ನಷ್ಟವನ್ನೂ ಕಳೆದು ಯೂನಿಟ್‌ಗೆ ಆರು ಕಿ.ಮೀ.ಗಿಂತ ತುಸು ಹೆಚ್ಚೇ ಓಡುತ್ತದೆ. ತೆರಿಗೆ ಸೇರಿ ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ 1 ರೂಪಾಯಿ 10 ಪೈಸೆ ದಾಟದು. ಉಳಿತಾಯ ಕಿ.ಮೀ.ಗೆ 4 ರೂಪಾಯಿ 60 ಪೈಸೆ. ಆದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮನೆಯವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಮ್ಮ ಕಾರು ವರ್ಷಕ್ಕೆ ಎಷ್ಟು ಓಡುತ್ತದೆ?

ಏಕೆಂದರೆ ಉಳಿತಾಯ ಬರುವುದು ಓಡಿದಾಗ, ಹೆಚ್ಚುವರಿ ಬೆಲೆ ಕೊಡುವುದು ಕೊಳ್ಳುವಾಗಲೇ. ಕರ್ನಾಟಕ 2016ರಲ್ಲೇ ಈ ವಾಹನಗಳಿಗೆ ರಸ್ತೆ ತೆರಿಗೆ ಬಿಟ್ಟಿತು. 2024ರಲ್ಲಿ 25 ಲಕ್ಷ ಮೀರಿದ ಕಾರುಗಳಿಗೆ ಮಾತ್ರ ಶೇ 10 ಹಾಕಿತು. ಜಿಎಸ್‌ಟಿ 2019ರಿಂದ ಶೇ 5. ಆದರೆ 2025ರ ಸೆಪ್ಟೆಂಬರಿನಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು, ಅವು ಮತ್ತಷ್ಟು ಅಗ್ಗವಾದವು. ಹೋಲಿಸಬಹುದಾದ ಎರಡು ಸಣ್ಣ ಕಾರುಗಳ ನಡುವೆ ಎಲ್ಲ ಸೇರಿ ಎರಡೂವರೆ ಲಕ್ಷದ ಅಂತರ ಇಟ್ಟುಕೊಳ್ಳೋಣ. ಅಷ್ಟನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ತಂದರೆ ಕಟ್ಟುವುದು ಸುಮಾರು 3 ಲಕ್ಷ 11 ಸಾವಿರ. ಅದು ಮರಳಿ ಕೈಸೇರಲು ಕಾರು 68 ಸಾವಿರ ಕಿ.ಮೀ. ಓಡಬೇಕು. ಹರಪನಹಳ್ಳಿಯಿಂದ ದಾವಣಗೆರೆಗೋ ಕೂಡ್ಲಿಗಿಯಿಂದ ಹೊಸಪೇಟೆಗೋ ಕೆಲಸಕ್ಕಾಗಿ ಓಡಾಡುತ್ತ ವರ್ಷಕ್ಕೆ 15 ಸಾವಿರ ಮುಟ್ಟಿಸುವವರಿಗೆ ಇದು ನಾಲ್ಕೂವರೆ ವರ್ಷದ ಮಾತು. ಮದುವೆ, ಆಸ್ಪತ್ರೆ, ಕೊಟ್ಟೂರಿನ ಜಾತ್ರೆ ಎಂದು ವರ್ಷಕ್ಕೆ ಐದು ಸಾವಿರವಷ್ಟೇ ಓಡಿಸುವ ಮನೆಗೆ ಹದಿಮೂರೂವರೆ ವರ್ಷ ಬೇಕು. ಬ್ಯಾಟರಿಗೆ ಸಾಮಾನ್ಯವಾಗಿ ಕೊಡುವ ವಾರಂಟಿಯೋ ಎಂಟೇ ವರ್ಷ.

ಶೋರೂಮಿನಲ್ಲಿ ಯಾರೂ ಎತ್ತದ ಇನ್ನೊಂದು ಖರ್ಚಿದೆ: ಗೃಹಜ್ಯೋತಿ. 2023ರಿಂದ ಜಾರಿಯಲ್ಲಿರುವ ಈ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 60 ಯೂನಿಟ್ ಉರಿಸುವ ಮನೆಗೆ 1,250 ಕಿ.ಮೀ. ಓಡುವ ಕಾರು ಸೇರಿದರೆ ಮೀಟರು 250 ದಾಟುತ್ತದೆ. ವರ್ಷಕ್ಕೆ ಸುಮಾರು ಐದು ಸಾವಿರ ರೂಪಾಯಿಯ ಉಚಿತ ವಿದ್ಯುತ್ ಕೈತಪ್ಪಿ, ನಾಲ್ಕೂವರೆ ವರ್ಷ ಐದರ ಹತ್ತಿರ ಬರುತ್ತದೆ. ಕಾರಿಗೆ ಬೇರೆ ಸಂಪರ್ಕ ಸಿಗುತ್ತದೆಯೇ, ದರವೆಷ್ಟು ಎಂದು ವಿದ್ಯುತ್ ಕಚೇರಿಯಲ್ಲಿ ವಿಚಾರಿಸಿಯೇ ಮುಂಗಡ ಕೊಡುವುದು ಜಾಣತನ.

ಪೆಟ್ರೋಲ್ ಮುಂದೆ ಏರದೇ ಇರುತ್ತದೆಯೇ ಎಂಬ ವಾದವಿದೆ. ಏರಬಹುದು; ಆದರೆ ಬ್ಯಾಟರಿ ಅಗ್ಗವಾಗುತ್ತ ಹೋದಂತೆ ಇಂದು ಕೊಂಡ ಕಾರಿನ ಮರುಮಾರಾಟದ ಬೆಲೆಯೂ ಕುಸಿಯುತ್ತದೆ. ಆಯಿಲ್ ಬದಲಿಸುವ ಖರ್ಚಿಲ್ಲ ಎನ್ನುವುದು ನಿಜ. ದುಬಾರಿ ಕಾರಿನ ಹೆಚ್ಚಿನ ವಿಮೆ ಅದರಲ್ಲಿ ಒಂದು ಪಾಲನ್ನು ನುಂಗುತ್ತದೆ. ದಾರಿಯಲ್ಲಿ ಚಾರ್ಜ್ ಮುಗಿದರೆ ಎಂಬ ಭಯ ಇಲ್ಲಿನ ನಿತ್ಯದ ಓಡಾಟಕ್ಕೆ ಅನ್ವಯಿಸದು, ಹೋಗಿಬರುವುದು ಸುಮಾರು ನೂರು ಕಿ.ಮೀ. ಅಷ್ಟೇ. ಬೆಂಗಳೂರಿನ ದಾರಿಯಲ್ಲಿ ಮಾತ್ರ ಸಣ್ಣ ಬ್ಯಾಟರಿಯ ಕಾರು ನಿಲ್ಲಲೇಬೇಕು. ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್‌ಗೆ 20 ರೂಪಾಯಿ ತೆತ್ತರೆ ಉಳಿತಾಯ ಬಹುತೇಕ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಎಸಿಯೂ ತನ್ನ ಪಾಲು ಕೇಳುತ್ತದೆ.

ಇನ್ನು ಕಾರೇ ಬೇಡ ಎನ್ನುವ ದಾರಿಯನ್ನು ಲೆಕ್ಕದಿಂದ ಬಿಡುವುದು ತಪ್ಪು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಇಲ್ಲ. ಹೊಸಪೇಟೆ–ಹರಿಹರ ರೈಲು ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಯನ್ನು ಮುಟ್ಟುತ್ತದೆ. ಕೂಡ್ಲಿಗಿ, ಹಡಗಲಿಯವರಿಗೆ ಬಸ್ಸೇ ಗತಿ. ತಿಂಗಳಿಗೆ ಎರಡು ಸಲ ಬಾಡಿಗೆ ಕಾರು ಹಿಡಿದರೂ ಸಾಲದ ಕಂತು, ವಿಮೆಗಿಂತ ಅಗ್ಗವಾಗುವ ಮನೆಗಳು ಈ ಐದೂ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ.

ಎಂಟು ವರ್ಷದೊಳಗೆ ಹೆಚ್ಚುವರಿ ಹಣ ಹಿಂದಿರುಗಬೇಕಾದರೆ ವರ್ಷಕ್ಕೆ ಎಂಟೂವರೆ ಸಾವಿರ ಕಿ.ಮೀ. ಓಡಲೇಬೇಕು. ಈಗಿರುವ ವಾಹನದ ಮೀಟರು ವರ್ಷಕ್ಕೆ ಅಷ್ಟು ತಿರುಗುತ್ತಿದ್ದರೆ ಎಲೆಕ್ಟ್ರಿಕ್ ಕಾರು ಕೊಳ್ಳಿ. ಇಲ್ಲವಾದರೆ ಸದ್ಯಕ್ಕೆ ಬೇಡ.