ಚೌಕಟ್ಟಿನೊಳಗೆ ಬಂದ ದೊಡ್ಡತ್ತೆ

“ಅಜ್ಜಾ, ಇದು ಯಾರ ಕೈ?”

ಪ್ರಿಂಟರಿನಿಂದ ಆಗಷ್ಟೇ ಹೊರಬಂದ ಹಾಳೆ ಹಿಡಿದು ಮೊಮ್ಮಗಳು ಕೇಳಿದಳು. ಚಿತ್ರದ ಬಲತುದಿಯಲ್ಲಿ, ಜಗಲಿಯ ಕಂಬವನ್ನು ಹಿಡಿದ ನಾಲ್ಕು ಬೆರಳುಗಳು ಮಾತ್ರ ಕಾಣುತ್ತಿದ್ದವು. ಬೆರಳಿನ ಒಡತಿಯೇ ಇಲ್ಲ! ನನ್ನ ಎದೆ ಧಸಕ್ಕೆಂದಿತು.

ಅದು ನನ್ನ ದೊಡ್ಡತ್ತೆ, ಅಪ್ಪನ ಅಕ್ಕ. 1974ರಲ್ಲಿ ನಮ್ಮಕ್ಕನ ಮದುವೆಯ ಮರುದಿನ ಊರ ಮನೆಯ ಮುಂದೆ ತೆಗೆಸಿದ ಫೋಟೋ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ಅವರು ಶುಭಕಾರ್ಯಗಳಲ್ಲಿ ಎಂದೂ ಮುಂದೆ ಬಂದವರಲ್ಲ. ಆಗಿನ ಕಾಲ ಹಾಗಿತ್ತು. ಎಲ್ಲರೂ ಬೆಂಚಿನ ಮೇಲೆ ಕೂತರೆ ಅವರು, “ನನಗ್ಯಾಕೆ ಫೋಟೋ?” ಎನ್ನುತ್ತ ಕಂಬದ ಪಕ್ಕ ನಿಂತುಬಿಟ್ಟರು. ಮರಳ ಮೇಲೆ ನನ್ನ ಬೆರಳು ಹಿಡಿದು ಅ, ಆ ತಿದ್ದಿಸಿದ ಅವರ ಚಿತ್ರ ನಮ್ಮಲ್ಲಿರುವುದು ಇದೊಂದೇ. ಅದಕ್ಕೂ ಈಗ ಬೂಷ್ಟು ಹಿಡಿಯತೊಡಗಿದೆ. ಹಾಗಾಗಿ ಸ್ಕ್ಯಾನ್ ಮಾಡಿಸಿ, ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕೋಣವೆಂದು 10 ಇಂಚು ಅಗಲ, 8 ಇಂಚು ಎತ್ತರದ ಚೌಕಟ್ಟು ತಂದಿದ್ದೆ.

ಮೊದಲ ಪ್ರಯತ್ನವೂ ಕೆಟ್ಟಿತ್ತು. ಕಂಪ್ಯೂಟರಿನಲ್ಲಿ ಹಾಳೆಯ ದಿಕ್ಕು ‘ಪೋರ್ಟ್ರೇಟ್’ ಎಂದಿತ್ತು. ಅಂದರೆ ಹಾಳೆ ನಿಂತಿತ್ತು, ಚಿತ್ರ ಮಲಗಿತ್ತು. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅಡ್ಡಚಿತ್ರವನ್ನು ಆ 210ರೊಳಗೆ ತುರುಕಿದರೆ ಅದು ಕುಗ್ಗದೆ ಇನ್ನೇನು? ಅರ್ಧ ಹಾಳೆ ಖಾಲಿ ಉಳಿಯಿತು. ಏಳನೇ ತರಗತಿಯ ಮೊಮ್ಮಗಳು ಅದನ್ನು ‘ಲ್ಯಾಂಡ್‌ಸ್ಕೇಪ್’ ಮಾಡಿ ಹಾಳೆಯನ್ನು ಮಲಗಿಸಿದಳು. ಅಳತೆಗಳ ಪಟ್ಟಿಯಲ್ಲಿ 8×10 ಆರಿಸಿ ಗುಂಡಿ ಒತ್ತಿದಳು. ಆಗ ಬಂದದ್ದೇ ಈ ಕೈಯ ಚಿತ್ರ.

“ಪ್ರಿಂಟರ್ ಯಾಕೆ ಕತ್ತರಿಸ್ತು?” ಎಂದಳು. ಉತ್ತರ ಅವಳ ಗಣಿತದ ಪುಸ್ತಕದಲ್ಲೇ ಇತ್ತು. ಸ್ಕೇಲು ಇಟ್ಟು ಹಳೆಯ ಫೋಟೋ ಅಳೆಸಿದೆ. ಅಗಲ 6 ಇಂಚು, ಎತ್ತರ 4 ಇಂಚು.

“ಎತ್ತರ 8 ಇಂಚು ಆಗಬೇಕಾದರೆ ಎರಡು ಪಟ್ಟು. ಹಾಗಾದರೆ ಅಗಲ ಎಷ್ಟಾಯ್ತು ಪುಟ್ಟೀ?”

“ಹನ್ನೆರಡು.”

“ಜಾಗ ಇರೋದು?”

“ಹತ್ತೇ! ಎರಡು ಇಂಚು ಹೋಯ್ತು. ಎಡಕ್ಕೆ ಒಂದು, ಬಲಕ್ಕೆ ಒಂದು.”

ಎರಡು ಪಟ್ಟು ಮಾಡಿದ ಚಿತ್ರದ ಒಂದು ಇಂಚೆಂದರೆ ಮೂಲದಲ್ಲಿ ಅರ್ಧ ಇಂಚು. ಎಡಗಡೆ ಕಳೆದುಹೋದದ್ದು ಬರೀ ಗೋಡೆ. ಬಲಗಡೆಯ ಆ ಅರ್ಧ ಇಂಚಿನಲ್ಲೇ ದೊಡ್ಡತ್ತೆ ನಿಂತಿದ್ದರು.

ಮುದ್ರಿಸುವ ಕಿಟಕಿಯನ್ನು ಇಬ್ಬರೂ ಮತ್ತೆ ತೆರೆದು ನಿಧಾನವಾಗಿ ಓದಿದೆವು. ಕೆಳಗೆ ‘ಫಿಟ್ ಪಿಕ್ಚರ್ ಟು ಫ್ರೇಮ್’ ಎಂಬ ಸಾಲಿನ ಪಕ್ಕ ಮೊದಲೇ ಒಂದು ಸರಿ ಗುರುತು ಬಿದ್ದಿತ್ತು. ಹೆಸರು ಕೇಳಿದರೆ ಚಿತ್ರವನ್ನು ಚೌಕಟ್ಟಿಗೆ ಹೊಂದಿಸುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ಅದು ಮಾಡುತ್ತಿದ್ದದ್ದು ಚೌಕಟ್ಟನ್ನು ತುಂಬಿಸುವ ಕೆಲಸ. ಮಿಕ್ಕಿದ್ದನ್ನು ಕತ್ತರಿಸುತ್ತಿತ್ತು. ಮೊಮ್ಮಗಳು ಆ ಗುರುತು ತೆಗೆದಳು. ಮುನ್ನೋಟದಲ್ಲಿ ಚಿತ್ರ ಸ್ವಲ್ಪ ಚಿಕ್ಕದಾಯಿತು, ಬಲತುದಿಯಲ್ಲಿ ಸೆರಗು ಹೊದ್ದ ದೊಡ್ಡತ್ತೆ ಕಾಣಿಸಿಕೊಂಡರು.

ಈಗ ಅಗಲ ಪೂರಾ 10 ಇಂಚು, ಎತ್ತರ ಸುಮಾರು 6.7 ಇಂಚು. ಮೇಲೆ, ಕೆಳಗೆ ಮುಕ್ಕಾಲು ಇಂಚಿಗೆ ತುಸು ಕಡಿಮೆ ಬಿಳಿ ಪಟ್ಟಿ ಉಳಿಯಿತು. “ಖಾಲಿ ಖಾಲಿ ಕಾಣುತ್ತದಲ್ಲ” ಎಂದು ನಾನು ಗೊಣಗಿದೆ.

“ಖಾಲಿ ಇದ್ರೆ ಇರಲಿ ಅಜ್ಜಾ, ಎಲ್ಲರೂ ಇದ್ದಾರಲ್ಲ” ಎಂದಳು.

ಕೆಳಗಿನ ಬಿಳಿ ಪಟ್ಟಿಯಲ್ಲಿ ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆಯಲು ಕೂತಳು. ಕೊನೆಗೆ ಬಂದು, “ದೊಡ್ಡತ್ತೆಯ ಹೆಸರೇನು?” ಎಂದು ಕೇಳಿದಳು. ಹುಟ್ಟಿದಾಗಿನಿಂದ ದೊಡ್ಡತ್ತೆ ಎಂದೇ ಕರೆದ ನನಗೆ ಅದನ್ನು ನೆನಪಿಸಿಕೊಳ್ಳಲು ಒಂದು ಗಳಿಗೆ ಬೇಕಾಯಿತು. ಹೇಳಿದೆ. ಅವಳು ದುಂಡಗೆ ಬರೆದಳು.

ನೀವೂ ಮುದ್ರಿಸುವ ಮುನ್ನ

• ಅಡ್ಡಚಿತ್ರಕ್ಕೆ ‘ಲ್ಯಾಂಡ್‌ಸ್ಕೇಪ್’, ಉದ್ದಚಿತ್ರಕ್ಕೆ ‘ಪೋರ್ಟ್ರೇಟ್’ ಆರಿಸಿ.

• ಟ್ರೇಯಲ್ಲಿರುವ ಹಾಳೆಯ ಅಳತೆ, ಕಂಪ್ಯೂಟರಿನಲ್ಲಿ ಆರಿಸಿದ ಅಳತೆ ಒಂದೇ ಇರಲಿ.

• ಮುನ್ನೋಟದಲ್ಲಿ ನಾಲ್ಕೂ ಅಂಚು ನೋಡಿ. ಯಾರದಾದರೂ ತಲೆ, ಕೈ ಹೋಗಿದ್ದರೆ ತುಂಬಿಸುವ ಗುರುತು ತೆಗೆಯಿರಿ.

• ಚಿತ್ರವನ್ನು ಒಂದೇ ಕಡೆಗೆ ಎಳೆದು ಹಿಗ್ಗಿಸಬೇಡಿ. ತೆಳ್ಳಗಿದ್ದ ತಾತ ದಪ್ಪಗಾಗುತ್ತಾರೆ!

• ಇಂಚಿಗೆ 300 ಚುಕ್ಕಿ ಇದ್ದರೆ ಮುದ್ರಣ ಸ್ಪಷ್ಟ. 10 ಇಂಚು ಅಗಲಕ್ಕೆ 3000 ಚುಕ್ಕಿ ಬೇಕು. 6 ಇಂಚಿನ ಹಳೆಯ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿದರೆ 3600 ಸಿಗುತ್ತದೆ.

• ಮೊದಲು ಸಾದಾ ಹಾಳೆಯಲ್ಲಿ ಒಂದು ಪ್ರತಿ ತೆಗೆದು ನೋಡಿ. ಫೋಟೋ ಕಾಗದ ಆಮೇಲೆ.