ಎಷ್ಟು ಮಾರು ಮಲ್ಲಿಗೆ ಕಟ್ಟಿಸ್ತೀರಿ? ಹೇಳಿ ನೋಡೋಣ!

ನಾಳೆ ವರಮಹಾಲಕ್ಷ್ಮಿ ಹಬ್ಬ ಅನ್ನಿ. ಇವತ್ತೊಂದು ದಿನ ನೀವೇ ಹೂವಿನ ವ್ಯಾಪಾರಿ ಅಂದುಕೊಳ್ಳಿ!

ಒಂದು ಮಾರು ಮಲ್ಲಿಗೆ ನಿಮಗೆ 60 ರೂಪಾಯಿಗೆ ಬೀಳುತ್ತದೆ. ಮಾರುವುದು 100ಕ್ಕೆ. ಎಷ್ಟು ಮಾರು ಖರ್ಚಾದೀತು? ಆ ತಾಯಿಗೇ ಗೊತ್ತು! 100 ಮಾರು ಹೋದರೂ ಹೋಯಿತು, 200 ಹೋದರೂ ಹೋಯಿತು. ನಡುವಿನ ಯಾವ ಸಂಖ್ಯೆಗೂ ಅಷ್ಟೇ ಅವಕಾಶ. ರಾತ್ರಿ ಉಳಿದದ್ದು ಬಾಡಿ ತಿಪ್ಪೆಗೆ.

ಎಷ್ಟು ತರಿಸ್ತೀರಿ?

150 ಅಂದಿರಾ? ಸರಾಸರಿ ತಾನೇ, ಕ್ಷೇಮ ಅನ್ನಿಸುತ್ತದೆ. ಊಹೂಂ! ಸರಿಯುತ್ತರ 140.

ಅದೇಕೆ? 140ನೆಯ ಮಾರನ್ನು ಮಾತ್ರ ದಿಟ್ಟಿಸಿ ನೋಡಿ. ಇಂಥ ಹಬ್ಬ 100 ಸಲ ಬಂದರೆ, ಸುಮಾರು 60 ಸಲ ಅದು ಖರ್ಚಾಗುತ್ತದೆ. ಲಾಭ ತಲಾ 40, ಒಟ್ಟು 2,400. ಉಳಿದ 40 ಸಲ ಬಾಡುತ್ತದೆ. ನಷ್ಟ ತಲಾ 60, ಒಟ್ಟು... ಅದೂ 2,400! ತಕ್ಕಡಿ ಸಮ! ಅಲ್ಲಿಂದಾಚೆ ಒಂದೊಂದು ಮಾರೂ ಕೈ ಕಚ್ಚುತ್ತದೆ.

ತಡೆಯಿರಿ, ಮಜಾ ಇರುವುದೇ ಮುಂದೆ. ಮಲ್ಲಿಗೆ 60ರ ಬದಲು 20ಕ್ಕೇ ಸಿಕ್ಕಿತು ಅನ್ನಿ. ಜನ ಅವರೇ, ಹಬ್ಬ ಅದೇ, ಅನಿಶ್ಚಯವೂ ಅಷ್ಟೇ. ಈಗ?

180! ಬೇಡಿಕೆ ಎಳ್ಳಷ್ಟೂ ಬದಲಾಗಿಲ್ಲ, ಆರ್ಡರ್ ಮಾತ್ರ 40 ಮಾರು ಜಿಗಿಯಿತು. ಎಷ್ಟು ಜನ ಬರುತ್ತಾರೆ ಎಂದಷ್ಟೇ ತಲೆ ಕೆಡಿಸಿಕೊಂಡರೆ ಸಾಲದು ಸ್ವಾಮಿ! ಉಳಿದರೆ ಎಷ್ಟು ನಷ್ಟ, ಸಾಲದೇ ಹೋದರೆ ಎಷ್ಟು ನಷ್ಟ, ಈ ಎರಡರ ಜಗ್ಗಾಟವನ್ನೂ ನೋಡಬೇಕು.

ಈ ಲೆಕ್ಕದ ಬೇರು ಎಲ್ಲಿದೆ ಗೊತ್ತೇ? ಬ್ಯಾಂಕಿನಲ್ಲಿ! ಗ್ರಾಹಕರು ಯಾವಾಗ ಎಷ್ಟು ಹಣ ಕೇಳುತ್ತಾರೋ ತಿಳಿಯದಿರುವಾಗ ಎಷ್ಟು ನಗದು ಇಟ್ಟುಕೊಳ್ಳಬೇಕು ಎಂದು ಫ್ರಾನ್ಸಿಸ್ ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿದ್ದು 1888ರಲ್ಲಿ!

ಇನ್ನು ಅಮೆರಿಕದ ಬ್ಲಾಕ್‌ಬಸ್ಟರ್ ಕಥೆ ಕೇಳಿ. ಸಿನಿಮಾ ಕ್ಯಾಸೆಟ್‌ಗಳನ್ನು ಬಾಡಿಗೆಗೆ ಕೊಡುತ್ತಿದ್ದ ಅಂಗಡಿಗಳ ದೊಡ್ಡ ಸರಪಳಿ. ಒಂದು ಕ್ಯಾಸೆಟ್ ಕೊಳ್ಳಲು ಆಗ ಸುಮಾರು 65 ಡಾಲರ್. ಹೊಸ ಸಿನಿಮಾಕ್ಕೆ ಜನ ಮುಗಿಬೀಳುತ್ತಿದ್ದುದು ಕೆಲವೇ ವಾರ, ಆಮೇಲೆ ಕ್ಯಾಸೆಟ್ ಧೂಳು ತಿನ್ನುತ್ತಿತ್ತು. ಹಾಗಾಗಿ ಅಂಗಡಿಯವರು ಕೈ ಬಿಗಿಹಿಡಿದು ಕೊಳ್ಳುತ್ತಿದ್ದರು. ಗಿರಾಕಿಗಳು ಬರಿಗೈಲಿ ವಾಪಸ್! 1998ರಲ್ಲಿ ಸ್ಟುಡಿಯೋಗಳ ಜೊತೆ ಹೊಸ ಒಪ್ಪಂದವಾಯಿತು: ಕ್ಯಾಸೆಟ್ ಬೆಲೆ ಇಳಿಸಿ, ಬಾಡಿಗೆಯಲ್ಲಿ ಪಾಲು ತಗೊಳ್ಳಿ. ಬೆಲೆ ಎಷ್ಟಕ್ಕಿಳಿಯಿತು? 50? 30?

ಸುಮಾರು 8 ಡಾಲರ್! ಉಳಿದರೂ ಚಿಂತೆಯಿಲ್ಲ, ತುಂಬಿಸಿ ಕಪಾಟು!

ಇಷ್ಟಾದರೂ ನಮ್ಮ ತಲೆ ಸರಾಸರಿಯನ್ನು ಬಿಡುವುದಿಲ್ಲವಲ್ಲ, ಅದೇ ನನಗೆ ಎಲ್ಲಕ್ಕಿಂತ ದೊಡ್ಡ ಬೆರಗು! ಶ್ವೈಟ್ಜರ್ ಮತ್ತು ಕ್ಯಾಶೋನ್ ಎಂಬ ಇಬ್ಬರು ಸಂಶೋಧಕರು ಎಂಬಿಎ ವಿದ್ಯಾರ್ಥಿಗಳಿಗೆ ಇದೇ ಆಟ ಕೊಟ್ಟರು. ಫಲಿತಾಂಶ 2000ರಲ್ಲಿ ಪ್ರಕಟವಾಯಿತು. ಬೇಡಿಕೆ 1ರಿಂದ 300ರೊಳಗೆ ಎಷ್ಟಾದರೂ ಇರಬಹುದು. ಮಾರುವ ಬೆಲೆ 12. ಸರಕು 3ಕ್ಕೆ ಬಿದ್ದರೆ 225 ತರಿಸಬೇಕು, 9ಕ್ಕೆ ಬಿದ್ದರೆ 75. ವಿದ್ಯಾರ್ಥಿಗಳು ಮಾಡಿದ್ದೇನು? ಹೆಚ್ಚು ಬೇಕಾದಲ್ಲಿ ಕಡಿಮೆ, ಕಡಿಮೆ ಬೇಕಾದಲ್ಲಿ ಹೆಚ್ಚು! ಸುತ್ತಿನ ಮೇಲೆ ಸುತ್ತು ಆಡಿಸಿದರೂ ಕೈ ಜಾರುತ್ತಿದ್ದುದು ನಡುವಿನ 150ರ ಕಡೆಗೇ!

ಹಾಗಂತ ಈ ವಿದ್ಯಾರ್ಥಿಗಳ ಆಟದಲ್ಲಿ 150 ಯಾವತ್ತೂ ತಪ್ಪೇ? ಇಲ್ಲ! ಒಂದೇ ಒಂದು ಬೆಲೆಗೆ ಸರಕು ಬಿದ್ದರೆ ಅದೇ ಸರಿಯುತ್ತರ. ಆ ಬೆಲೆ ಎಷ್ಟು? ಇದನ್ನು ಮಾತ್ರ ನಾನು ಹೇಳಲ್ಲ!